ಮೊದಲ ಸರದಿ ಯಾರ ತಲೆಗೆ?

“ಸರಿ, ಮೊದಲು ಯಾರು ಹೋಗ್ತೀರಾ?”

ಈ ಪ್ರಶ್ನೆ ಬಿದ್ದ ತಕ್ಷಣ ಹನ್ನೆರಡು ಜನರಲ್ಲಿ ನಾಲ್ಕು ಜನರ ಶೂ ಲೇಸ್ ಬಿಚ್ಚಿಹೋಗುತ್ತೆ. ಇಬ್ಬರಿಗೆ ಬಾಯಾರಿಕೆ ಆಗುತ್ತೆ. ಒಬ್ಬನಿಗೆ ಅರ್ಜೆಂಟ್ ಫೋನ್ ಬರುತ್ತೆ. ಉಳಿದವರು ಮಳೆ ಬರುತ್ತೇನೋ ಅಂತ ಆಕಾಶ ನೋಡ್ತಾರೆ. ಕೊನೆಗೆ ಗುಂಪಿನಲ್ಲಿ ಒಬ್ಬ ಇರ್ತಾನಲ್ಲ, ಸುಮ್ಮನಿರೋಕೆ ಸಂಕೋಚ ಪಡೋನು, ಅವನು “ಆಯ್ತು, ನಾನೇ ಹೋಗ್ತೀನಿ” ಅಂತಾನೆ. ಎಲ್ಲರ ಲೇಸೂ ತಾನಾಗೇ ಕಟ್ಟಿಕೊಳ್ಳುತ್ತೆ.

ನಾನು ಇದನ್ನ ನೋಡಿದ್ದು ಅಮೆರಿಕದ ಒಂದು ಶೂಟಿಂಗ್ ಮೈದಾನದಲ್ಲಿ. ಆನ್‌ಸೈಟ್ ಇದ್ದಾಗ ಟೀಮ್‌ನ ಒಬ್ಬ ಸಹೋದ್ಯೋಗಿ ಶನಿವಾರ ಶನಿವಾರ ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯಕ್ಕೆ ಹೋಗ್ತಿದ್ದ, ನನ್ನನ್ನೂ ಎಳೆದುಕೊಂಡು ಹೋಗ್ತಿದ್ದ. ಮೊದಲೇ ಹೇಳಿಬಿಡ್ತೀನಿ, ಅಲ್ಲಿ ನಾನು ಒಂದೇ ಒಂದು ಗುಂಡೂ ಹಾರಿಸಿಲ್ಲ. ತೂತು ಬಿದ್ದ ಕಾರ್ಡ್‌ಬೋರ್ಡ್‌ಗೆ ಕಂದು ಸ್ಟಿಕ್ಕರ್ ಅಂಟಿಸೋದು, ಟ್ಯಾಬ್ಲೆಟ್ ಹಿಡಿದು ಅಂಕ ಬರೆಯೋದು, ಮುಂದಿನವರ ಹೆಸರು ಕೂಗೋದು, ಇಷ್ಟೇ ನನ್ನ ಕೆಲಸ. ಆದರೆ ಹೆಸರು ಕೂಗೋನಿಗೆ ಕಾಣೋದು ಗುಂಡು ಹಾರಿಸೋನಿಗೆ ಕಾಣೋಲ್ಲ. ಸರದಿಯಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನೋದು ನನ್ನ ಟ್ಯಾಬ್ಲೆಟ್‌ನಲ್ಲಿ ವಾರವಾರ ಕಾಣ್ತಾ ಇತ್ತು. ಅದಕ್ಕೇ ಈ ಜಗಳ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಆಡಿದ್ದು ನಿಂತ ಜಾಗದಿಂದ ಒಂದೇ ಗುರಿಗೆ ಹೊಡೆಯೋ ಆಟ. ಪ್ರಾಕ್ಟಿಕಲ್ ಶೂಟಿಂಗ್ ಹಾಗಲ್ಲ. ಇಲ್ಲಿ ಓಡಬೇಕು, ಗೋಡೆ ಮರೆಯಿಂದ ಇಣುಕಬೇಕು, ಬಾಗಿಲು ತಳ್ಳಬೇಕು, ಓಡುತ್ತಲೇ ಮ್ಯಾಗಝಿನ್ ಬದಲಿಸಬೇಕು. ಇದರ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಲ್ಲಿ. ಹತ್ತು ಹನ್ನೆರಡು ಜನರ ಒಂದೊಂದು ಗುಂಪಿಗೆ ಸ್ಕ್ವಾಡ್ ಅಂತಾರೆ. ಒಂದೊಂದು ಅಂಕಣಕ್ಕೆ ಸ್ಟೇಜ್ ಅಂತಾರೆ. ಸ್ಕ್ವಾಡ್ ಒಂದು ಸ್ಟೇಜ್ ಮುಗಿಸಿ ಇನ್ನೊಂದಕ್ಕೆ ಹೋಗುತ್ತೆ. ಗಳಿಸಿದ ಅಂಕವನ್ನ ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿದರೆ ಬರೋದು ಹಿಟ್ ಫ್ಯಾಕ್ಟರ್. ಯಾರದು ಜಾಸ್ತಿಯೋ ಅವರು ಆ ಸ್ಟೇಜ್ ಗೆದ್ದ ಹಾಗೆ, ಉಳಿದವರಿಗೆ ಅವರಿಗೆ ಹೋಲಿಸಿ ಪಾಲು.

ಈಗ ಲೆಕ್ಕ ನೋಡಿ. ನೂರು ಅಂಕವನ್ನ 20 ಸೆಕೆಂಡಿನಲ್ಲಿ ಹೊಡೆದರೆ ಹಿಟ್ ಫ್ಯಾಕ್ಟರ್ 5. ಅದೇ ನೂರು ಅಂಕಕ್ಕೆ 22 ಸೆಕೆಂಡ್ ಆದರೆ ಸುಮಾರು 4.55. ಎರಡೇ ಸೆಕೆಂಡ್ ತಡವರಿಸಿದ್ದಕ್ಕೆ ನೂರಕ್ಕೆ ಒಂಬತ್ತು ಪಾಲು ಮಣ್ಣುಪಾಲು. ಆ ಎರಡು ಸೆಕೆಂಡ್ ಎಲ್ಲಿ ಹೋಗುತ್ತೆ ಗೊತ್ತಾ? “ಈ ಕಿಟಕಿಯಿಂದ ಆ ಮೂಲೆಯ ಟಾರ್ಗೆಟ್ ಕಾಣುತ್ತಾ, ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾ” ಅನ್ನೋ ಅನುಮಾನದಲ್ಲಿ.

ಶುರುವಾಗೋ ಮುಂಚೆ ಎಲ್ಲರಿಗೂ ಸ್ಟೇಜ್ ಒಳಗೆ ಬರಿಗೈಯಲ್ಲಿ ಓಡಾಡಿ ನೋಡೋಕೆ ನಾಲ್ಕೈದು ನಿಮಿಷ ಸಿಗುತ್ತೆ. ಅದು ಮುಗೀತಿದ್ದ ಹಾಗೇ ಮೊದಲನೆಯವನಿಗೆ “ಲೋಡ್ ಅಂಡ್ ಮೇಕ್ ರೆಡಿ” ಅಂತ ಆಜ್ಞೆ. ಅವನ ಕಿವಿಯಲ್ಲಿ ಇನ್ನೂ ಸೂಚನೆಗಳು ಗುಂಯ್‌ಗುಡ್ತಾ ಇರುತ್ತೆ. ಎಂಟನೆಯವನು ಹೋಗೋ ಹೊತ್ತಿಗೆ ಏಳು ಜನ ಅವನ ಕಣ್ಣ ಮುಂದೇ ಪ್ರಯೋಗ ಮಾಡಿ ತೋರಿಸಿರ್ತಾರೆ. ಬಾಗಿಲು ಬಿಗಿ ಇದೆ, ಕಾಲಲ್ಲಿ ಒದೀಬೇಕು. ಅಲುಗೋ ಟಾರ್ಗೆಟ್ ಮೊದಲು ಹೊಡೆದರೆ ಕಾಯೋದು ತಪ್ಪುತ್ತೆ. ಎಡದಿಂದ ಶುರು ಮಾಡಿದ್ದಕ್ಕೆ ಇಬ್ಬರಿಗೆ ಒಂದು ಟಾರ್ಗೆಟ್ ಮರೆತೇ ಹೋಯ್ತು. ಇಷ್ಟೂ ಪಾಠ ಅವನಿಗೆ ಬಿಟ್ಟಿ. ಫೀಸ್ ಕಟ್ಟಿದ್ದು ಮೊದಲು ಹೋದ ಬಡಪಾಯಿ.

“ಕೊನೆಯಲ್ಲಿ ಹೋಗೋದಕ್ಕೂ ಕಷ್ಟ ಇದೆ ಕಣ್ರೀ, ಬಿಸಿಲಲ್ಲಿ ನಿಂತು ಸುಸ್ತಾಗುತ್ತೆ, ಮಳೆ ಬರಬಹುದು” ಅಂತೀರಿ. ಒಪ್ಪಿದೆ. ಹಾಗಾದರೆ ಎರಡೂ ಕಡೆ ಕಷ್ಟ ಇದೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. ಕಷ್ಟ ಹಂಚಿಕೊಳ್ಳಿ ಅನ್ನೋದೇ ನನ್ನ ವಾದ.

ಅಮೆರಿಕದ ಆಟದ ಮೈದಾನದ ಸಮಾಚಾರ ನಮಗ್ಯಾಕೆ ಅಂತ ಅನ್ನಿಸಿದರೆ ನನ್ನ ಊರ ಕಡೆ ಬನ್ನಿ. ಈ ಪಾಠ ನಾನು ಮೊದಲು ಕಲಿತದ್ದು ಚಾಮರಾಜನಗರದಲ್ಲಿ, ಪಿಯುಸಿ ಓದುವಾಗ, ಖಾಕಿ ತೊಟ್ಟ ಕೆಡೆಟ್ ಆಗಿ.

ಕೆಡೆಟ್ ಆಗಿದ್ದವರಿಗೆ ಆ ಹಿಂದಿ ಆಜ್ಞೆ ಜನ್ಮದಲ್ಲಿ ಮರೆಯೋಲ್ಲ: “ಲಂಬಾ ದಾಹಿನೆ, ಛೋಟಾ ಬಾಯೆ, ಕದ್‌ವಾರ್!” ಎತ್ತರದವರು ಬಲಕ್ಕೆ, ಕುಳ್ಳರು ಎಡಕ್ಕೆ. ಪರೇಡ್‌ಗೆ ಚೆಂದ ಕಾಣುತ್ತೆ. ಆದರೆ ಫೈರಿಂಗ್ ದಿನವೂ ಅದೇ ಸಾಲಿನಲ್ಲಿ ಬಲದಿಂದ ಎಣಿಸಿ ಡೀಟೇಲ್ ಮಾಡಿದರು. ಡೀಟೇಲ್ ಅಂದ್ರೆ ಒಟ್ಟಿಗೆ ಮಲಗಿ ಗುಂಡು ಹಾರಿಸೋ ತಂಡ. ನಾನು ಉದ್ದ ಬೆಳೆದಿದ್ದೆ, ಸೋರೆಕಾಯಿ ಬಳ್ಳಿ ಥರ. ಹಾಗಾಗಿ ಯಾವಾಗಲೂ ಒಂದನೇ ಡೀಟೇಲ್.

ಪಾಯಿಂಟ್ ಟೂ ಟೂ ರೈಫಲ್, 25 ಮೀಟರ್, ಐದು ಗುಂಡು. ಸಾಮಾನ್ಯವಾಗಿ ಲೆಕ್ಕಕ್ಕೆ ಬರೋದು ಗ್ರೂಪಿಂಗ್, ಅಂದ್ರೆ ಐದೂ ತೂತು ಎಷ್ಟು ಒತ್ತೊತ್ತಿಗೆ ಬಿದ್ದಿವೆ ಅಂತ. ಆಗ ರೈಫಲ್ ಎಡಕ್ಕೆಳೆದರೂ ಬಲಕ್ಕೆಳೆದರೂ ತೊಂದರೆ ಇಲ್ಲ. ಆದರೆ ಅವತ್ತು ಮುಂದಿನ ಕ್ಯಾಂಪ್‌ಗೆ ಆಯ್ಕೆ, ನಡುವಿನ ವೃತ್ತಕ್ಕೆ ಅಂಕ. ನನ್ನ ಪಾಲಿಗೆ ಬಂದ ಮೂರನೇ ಲೇನ್‌ನ ರೈಫಲ್ ಎಡಕ್ಕೆ ಎಳೀತಿತ್ತು. ನನಗೆ ಹೇಗೆ ಗೊತ್ತಾಗಬೇಕು? ಐದಕ್ಕೆ ಐದೂ ಎಡಗಡೆ ಒಂದೇ ಕಡೆ ಗುಡ್ಡೆ ಬಿದ್ದಿದ್ದವು. ಟಾರ್ಗೆಟ್ ಹಾಳೆ ಹಿಡಿದು ವಾಪಸ್ ಬರುವಾಗ ಹಿಂದಿನ ಸಾಲಿನ ಗೆಳೆಯ ಅದನ್ನ ನೋಡಿದ. ಪಕ್ಕದವನು ಅವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸ್ತು: “ಮೂರ್ನೇದು ಎಡಕ್ಕ ಎಳಿತದ ಕನ. ವಸಿ ಬಲಕ್ಕ ಹಿಡಿಲಾ.”

ಅವನು ಬಲಕ್ಕೆ ಹಿಡಿದ. ಆಯ್ಕೆಯಾದ. ನಾನು ಬಸ್ ಹತ್ತಿ ಊರಿಗೆ ಬಂದೆ.

ಅವನು ಚೆನ್ನಾಗಿ ಹೊಡೆದ, ಸುಳ್ಳು ಹೇಳಲ್ಲ. ಈಗಲೂ ಒಳ್ಳೆ ಗೆಳೆಯ. ಮೋಸ ಯಾರೂ ಮಾಡಲಿಲ್ಲ, ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ನನ್ನ ಹೊಟ್ಟೆ ಉರಿಯೋದೇ ಅದಕ್ಕೆ. ಯಾರೂ ಮೋಸ ಮಾಡದೇನೇ ಅನ್ಯಾಯ ಆಗಿಹೋಯ್ತು. ಒಂದು ಸಾಲನ್ನ ಒಂದು ಕೆಲಸಕ್ಕೆ ಅಂತ ಮಾಡಿದರು, ಅದನ್ನೇ ಇನ್ನೊಂದು ಕೆಲಸಕ್ಕೂ ಬಳಸಿದರು, ಯಾರೂ ಯೋಚನೆ ಮಾಡಲಿಲ್ಲ. ನನ್ನ ಎತ್ತರಕ್ಕೂ ಆ ರೈಫಲ್‌ಗೂ ಏನ್ ಸಂಬಂಧ ಸ್ವಾಮಿ?

ಬಿಇ ಓದಿದ ನಿಮಗೂ ಇದು ಗೊತ್ತು. ಹೆಸರು ‘ಎ’ ಅಕ್ಷರದಿಂದ ಶುರುವಾದರೆ ಯುಎಸ್‌ಎನ್ ಕೊನೆಯಲ್ಲಿ 001, 002. ಲ್ಯಾಬ್ ಪರೀಕ್ಷೆಯಲ್ಲಿ ವೈವಾಗೆ ಮೊದಲ ಕರೆ ಅವರಿಗೇ. ಎಕ್ಸ್‌ಟರ್ನಲ್ ಯಾವ ಥರದ ಮನುಷ್ಯ, ಯಾವ ಪ್ರಶ್ನೆ ಮೇಲೆ ಪ್ರೀತಿ, ಏನೂ ಗೊತ್ತಿಲ್ಲದೆ ಒಳಗೆ ಹೋಗೋರು ಅಭಿಷೇಕ್, ಐಶ್ವರ್ಯ. ಹೊರಗೆ ಬಂದು ಉಸಿರು ಬಿಡೋ ಮುಂಚೆ ಅವರನ್ನ ಸುತ್ತಿಕೊಂಡು “ಏನ್ ಕೇಳಿದ್ರು, ಏನ್ ಕೇಳಿದ್ರು” ಅಂತ ಬಾಯಿಪಾಠ ಮಾಡಿಕೊಳ್ಳೋರು ವಿನಯ್, ಯಶವಂತ್. ಎಂಟು ಸೆಮಿಸ್ಟರ್ ಇದೇ ಕತೆ. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರಿಗೆ ನಾಲ್ಕು ವರ್ಷ ದಂಡ.

ಈಗ ಎದುರು ವಾದಗಳಿಗೆ ಬರೋಣ. ಪಂದ್ಯ ನಡೆಸೋರ ಬಾಯಲ್ಲಿ ಸಾಮಾನ್ಯವಾಗಿ ನಾಲ್ಕು ಉತ್ತರ ಸಿದ್ಧ ಇರ್ತವೆ.

ಮೊದಲನೆಯದು, “ಯಾರಾದ್ರೂ ಮುಂದೆ ಬರ್ತಾರೆ ಬಿಡಿ.” ಬರ್ತಾರೆ, ನಿಜ. ಆದರೆ ಯಾರು ಬರ್ತಾರೆ ಅಂತ ನೋಡಿ. ಪ್ರತಿ ಸಲ ಅದೇ ಒಬ್ಬರೋ ಇಬ್ಬರೋ. ಒಂದೋ ತುಂಬಾ ಒಳ್ಳೆಯವರು, ಇಲ್ಲಾ ಹೊಸಬರು, ಬೇಡ ಅನ್ನೋಕೆ ಬಾಯಿ ಬರದವರು. ಒಳ್ಳೆ ಎತ್ತಿಗೇ ನೊಗ ಜಾಸ್ತಿ ಹೇರೋದು ಹಳ್ಳಿಯಲ್ಲೂ ಇದೆ, ಆದರೆ ಅದನ್ನ ನಾವು ನ್ಯಾಯ ಅಂತ ಕರೆಯೋಲ್ಲ.

ಎರಡನೆಯದು, “ಪಟ್ಟಿಯಲ್ಲಿ ಇರೋ ಹಾಗೆ ಹೋಗಿ.” ಪಟ್ಟಿ ಏನು ಶಿಲಾಶಾಸನವಾ? ಹೆಸರಿನ ಅಕ್ಷರದ ಪ್ರಕಾರವೋ ದುಡ್ಡು ಕಟ್ಟಿದ ಕ್ರಮದಲ್ಲೋ ಆಗಿರುತ್ತೆ. ಕದ್‌ವಾರ್ ಸಾಲಿನ ದೊಡ್ಡಣ್ಣ ಅದು, ಅಷ್ಟೇ.

ಮೂರನೆಯದಕ್ಕೆ ನಮ್ಮ ಐಟಿಯವರೆಲ್ಲಾ ಚಪ್ಪಾಳೆ ಹೊಡೀತಾರೆ: “ಪ್ರತಿ ಸ್ಟೇಜ್‌ಗೂ ರ್‍ಯಾಂಡಮ್ ಮಾಡಿಬಿಡಿ, ಚೀಟಿ ಎತ್ತಿದರೆ ಯಾರಿಗೂ ಪಕ್ಷಪಾತ ಇಲ್ಲ.” ಚೀಟಿಗೆ ಪಕ್ಷಪಾತ ಇಲ್ಲ, ಒಪ್ಪಿದೆ. ಆದರೆ ಚೀಟಿಗೆ ನೆನಪೂ ಇಲ್ಲ. ಹನ್ನೆರಡು ಜನ, ಆರು ಸ್ಟೇಜ್ ಅಂತ ಇಟ್ಟುಕೊಳ್ಳಿ. ಪ್ರತಿ ಸಲ ಹೊಸದಾಗಿ ಚೀಟಿ ಎತ್ತಿದರೆ, ಆರೂ ಸಲ ಬೇರೆ ಬೇರೆ ಆರು ಜನರೇ ಮೊದಲಿಗರಾಗೋ ಸಾಧ್ಯತೆ ನೂರಕ್ಕೆ 22 ಮಾತ್ರ. ಉಳಿದ 78 ಪಾಲು, ಯಾರೋ ಒಬ್ಬ ಪಾಪಿ ಎರಡು ಸಲವೋ ಮೂರು ಸಲವೋ ಮೊದಲು ಹೋಗಿಯೇ ಹೋಗ್ತಾನೆ. ನಂಬಿಕೆ ಇಲ್ಲ ಅಂದ್ರೆ ನಾಲ್ಕು ಸಾಲಿನ ಪೈಥಾನ್ ಬರೆದು ನೀವೇ ನೋಡಿ. ಸಾವಿರ ಪಂದ್ಯದ ಸರಾಸರಿಯಲ್ಲಿ ಎಲ್ಲರಿಗೂ ಸಮ ಆಗುತ್ತೆ, ಸರಿ. ಆದರೆ ಇವತ್ತಿನ ಪಂದ್ಯ ಇವತ್ತಿಗೆ ಮುಗಿಯುತ್ತಲ್ಲ?

ನಾಲ್ಕನೆಯದು ಸ್ವಲ್ಪ ಬುದ್ಧಿವಂತರದು. “ನಾವು ರೊಟೇಷನ್ ಮಾಡ್ತೀವಲ್ಲ. ಒಂದು ಸ್ಟೇಜ್ ಮುಗಿದ ಮೇಲೆ ಮೊದಲನೆಯವನು ಕೊನೆಗೆ ಹೋಗ್ತಾನೆ, ಎಲ್ಲರೂ ಒಂದೊಂದು ಮೇಲೆ ಬರ್ತಾರೆ.” ಬಹಳ ಕಡೆ ಇದೇ ರೂಢಿ. ಕೇಳೋಕೆ ಚೆನ್ನಾಗಿದೆ. ನಾನೂ ತುಂಬಾ ದಿನ ಇದೇ ನ್ಯಾಯ ಅಂದುಕೊಂಡಿದ್ದೆ. ಒಂದು ದಿನ ಟ್ಯಾಬ್ಲೆಟ್ ಪಕ್ಕದಲ್ಲಿ ಪೆನ್ನು ಹಿಡಿದು ಬರೆದೆ.

ಅದೇ ಹನ್ನೆರಡು ಜನ, ಅದೇ ಆರು ಸ್ಟೇಜ್. ಆರನೇ ನಂಬರಿನವನ ಸರದಿ: 6, 5, 4, 3, 2, 1. ಇಡೀ ದಿನ ಮೊದಲರ್ಧದಲ್ಲೇ ಬಿದ್ದಿದ್ದಾನೆ. ಹನ್ನೆರಡನೇ ನಂಬರಿನವನ ಸರದಿ: 12, 11, 10, 9, 8, 7. ಇಡೀ ದಿನ ಹಿಂದೆ ಆರಾಮಾಗಿ ನಿಂತು ಎಲ್ಲರ ತಪ್ಪು ನೋಡಿ ಕಲಿತಿದ್ದಾನೆ. ಒಂದನೇ ನಂಬರಿನವನು ಒಂದು ಸಲ ಮೊದಲು ಹೋಗಿ ಆಮೇಲೆ 12, 11, 10, 9, 8, ಬೇಗ ಬಚಾವ್. ಆರೂ ಸರದಿ ಕೂಡಿಸಿದರೆ ಆರನೆಯವನದು 21, ಹನ್ನೆರಡನೆಯವನದು 57. ಇದಕ್ಕೆ ರೊಟೇಷನ್ ಅಂತ ಹೆಸರು! ಚಕ್ರ ತಿರುಗಿದ್ದು ಅರ್ಧ ಸುತ್ತು, ಅಷ್ಟರಲ್ಲಿ ಪಂದ್ಯ ಮುಗೀತು.

ಪರಿಹಾರಕ್ಕೆ ರಾಕೆಟ್ ಸೈನ್ಸ್ ಬೇಡ, ಮೂರನೇ ಕ್ಲಾಸಿನ ಭಾಗಾಕಾರ ಸಾಕು. ಜನರ ಸಂಖ್ಯೆಯನ್ನ ಸ್ಟೇಜ್ ಸಂಖ್ಯೆಯಿಂದ ಭಾಗಿಸಿ. ಹನ್ನೆರಡು ಭಾಗಿಸು ಆರು, ಎರಡು. ಪ್ರತಿ ಸ್ಟೇಜ್ ಆದ ಮೇಲೆ ಒಬ್ಬರನ್ನಲ್ಲ, ಮೇಲಿನ ಇಬ್ಬರನ್ನ ಕೊನೆಗೆ ಕಳಿಸಿ. ಈಗ ಆರನೆಯವನ ಸರದಿ 6, 4, 2, 12, 10, 8. ಹನ್ನೆರಡನೆಯವನದು 12, 10, 8, 6, 4, 2. ಇಬ್ಬರದೂ ಒಟ್ಟು 42. ಬೆಸ ಸಂಖ್ಯೆಯವರದು 36. ಆರು ಸ್ಟೇಜ್‌ನಲ್ಲಿ ಹನ್ನೆರಡು ಜನರೂ ಮೊದಲಿಗರಾಗೋಕೆ ಸಾಧ್ಯವೇ ಇಲ್ಲ. ಆದರೆ ಆರು ಜನ ಒಂದೊಂದು ಸಲ ಮೊದಲು, ಉಳಿದ ಆರು ಜನ ಒಂದೊಂದು ಸಲ ಎರಡನೆಯವರು. ಯಾರೂ ಪೂರ್ತಿ ಬಚಾವ್ ಇಲ್ಲ, ಯಾರೂ ಪೂರ್ತಿ ಬಲಿ ಇಲ್ಲ. ಭಾಗಾಕಾರ ಸರಿಯಾಗಿ ಹೋಗದಿದ್ದರೆ ಹತ್ತಿರದ ಸಂಖ್ಯೆ ಹಿಡಿಯಿರಿ. ಯಾರಿಂದ ಶುರು ಅನ್ನೋದಕ್ಕೆ ಮಾತ್ರ ಬೆಳಗ್ಗೆ ಒಂದೇ ಸಲ, ಎಲ್ಲರ ಎದುರು ಚೀಟಿ ಎತ್ತಿ. ಚೀಟಿಗೆ ಇರಬೇಕಾದ ಕೆಲಸ ಅಷ್ಟೇ.

“ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀಯ, ವೀಕೆಂಡ್ ಆಟ ತಾನೇ” ಅಂತ ಆ ಸಹೋದ್ಯೋಗಿಯೇ ನಕ್ಕ. ಆಟ ಆಡೋರೇ ಸರದಿ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ ಮಾರಾಯ. ಟೆನಿಸ್‌ನ ಟೈಬ್ರೇಕ್‌ನಲ್ಲಿ ಮೊದಲು ಒಬ್ಬನಿಗೆ ಒಂದು ಸರ್ವ್, ಆಮೇಲೆ ಇಬ್ಬರಿಗೂ ಎರಡೆರಡು. ಮೊದಲು ಸರ್ವ್ ಮಾಡಿದವನಿಗೆ ಲಾಭ ಆಗಬಾರದು ಅಂತಲೇ ಹಾಗೆ. ಫುಟ್‌ಬಾಲ್‌ನವರು ಪೆನಾಲ್ಟಿ ಶೂಟೌಟ್‌ನಲ್ಲೂ ಇಂಥದ್ದೇ ಕ್ರಮವನ್ನ 2017ರಲ್ಲಿ ಪ್ರಯೋಗ ಮಾಡಿದರು, ಗೋಜಲು ಜಾಸ್ತಿ ಅಂತ 2018ರಲ್ಲಿ ಕೈಬಿಟ್ಟರು. ಅದರಿಂದಲೂ ಪಾಠ ಇದೆ. ನಿಯಮ ನ್ಯಾಯವಾಗಿದ್ದರೆ ಸಾಲದು, ನಿಂತ ಜಾಗದಲ್ಲಿ ಬೆರಳಲ್ಲಿ ಎಣಿಸೋ ಹಾಗಿರಬೇಕು. ಇನ್ನು ಟಿ-20 ನೋಡೋರಿಗೆ ರಾತ್ರಿ ಇಬ್ಬನಿ ಬಿದ್ದಾಗ ಟಾಸ್ ಗೆದ್ದವನ ಮುಖ ಹೇಗೆ ಅರಳುತ್ತೆ ಅಂತ ನಾನು ಹೇಳಬೇಕಾ? ಅಷ್ಟೆಲ್ಲಾ ಯಾಕೆ, ನಮ್ಮೂರಲ್ಲಿ ಗೋಲಿ ಆಡೋ ಹುಡುಗರು ಕೂಡ “ಮೊದ್ಲು ನಾನು” ಅಂದವನಿಗೆ ಸುಮ್ನೆ ಬಿಟ್ಟುಕೊಡ್ತಿರಲಿಲ್ಲ. ದೂರದಿಂದ ಗೆರೆ ಕಡೆ ಗೋಲಿ ಎಸೀಬೇಕು, ಗೆರೆಗೆ ಹತ್ತಿರ ನಿಲ್ಲಿಸಿದವನಿಗೆ ಮೊದಲ ಸರದಿ. ಸರದಿ ಅನ್ನೋದು ಆಟದ ಒಂದು ಭಾಗ ಅಂತ ಚಡ್ಡಿ ಹಾಕೋ ವಯಸ್ಸಿಗೇ ಗೊತ್ತಿತ್ತು.

ಆದರೆ ನನಗೆ ಸರದಿ ಅಂದ್ರೆ ಆಟ ಮಾತ್ರ ಅಲ್ಲ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿನ ಅಂಚಿನಲ್ಲಿ ನಮ್ಮ ಜಮೀನು. ಅರಿಶಿನ, ಬಾಳೆ, ಸಣ್ಣ ಈರುಳ್ಳಿ. ನೀರು ಅಂದ್ರೆ ಬೋರ್‌ವೆಲ್, ಬೋರ್‌ವೆಲ್ ಅಂದ್ರೆ ತ್ರೀ ಫೇಸ್ ಕರೆಂಟ್. ಪಂಪ್‌ಸೆಟ್‌ಗೆ ಕೊಡೋದು ದಿನಕ್ಕೆ ಏಳು ಗಂಟೆ. ಎಲ್ಲರಿಗೂ ಒಟ್ಟಿಗೆ ಕೊಡೋಕಾಗಲ್ಲ ಅಂತ ಊರುಗಳನ್ನ ಭಾಗ ಮಾಡಿ, ಒಂದು ವಾರ ಇವರಿಗೆ ಹಗಲು, ಅವರಿಗೆ ರಾತ್ರಿ, ಮುಂದಿನ ವಾರ ಅದಲು ಬದಲು. ನಾನು ಹುಡುಗನಾಗಿದ್ದಾಗ ಕಂಡ ಮೊದಲ ರೊಟೇಷನ್ ಅಲ್ಗಾರಿದಮ್ ಅದು.

ರಾತ್ರಿ ವಾರ ಅಂದ್ರೆ ಏನು ಅಂತ ಬೆಂಗಳೂರಲ್ಲಿ ಕೂತು ಊಹೆ ಮಾಡೋದು ಕಷ್ಟ. ಆಟೋ ಸ್ಟಾರ್ಟರ್ ಮೋಟಾರ್ ಆನ್ ಮಾಡುತ್ತೆ, ಆದರೆ ಪಾತಿಯಿಂದ ಪಾತಿಗೆ ನೀರು ತಿರುಗಿಸೋಕೆ, ಗೇಟ್‌ವಾಲ್ವ್ ಬದಲಿಸೋಕೆ ಮನುಷ್ಯನೇ ಹೋಗಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಆನೆ ಬಂದಿದೆಯೋ ಇಲ್ಲವೋ ಅಂತ ಕಿವಿಗೊಟ್ಟು. ನಮ್ಮ ಚಿಕ್ಕಪ್ಪ ಒಂದು ರಾತ್ರಿ ಬಾಳೆ ತೋಟದಲ್ಲಿ ಆನೆ ಎದುರಾಗಿ ಓಡಿ ಬಿದ್ದು ಕಾಲು ಮುರಿದುಕೊಂಡರು. ಆವತ್ತಿಂದ ರಾತ್ರಿ ವಾರದಲ್ಲಿ ಅವ್ವ ನಿದ್ದೆ ಮಾಡಿದ್ದು ನಾನು ಕಾಣೆ. ಅಪ್ಪ ಬಂದು ಕಾಲು ತೊಳೆಯೋ ಸದ್ದು ಕೇಳೋವರೆಗೂ ಗೋಡೆಗೆ ಒರಗಿ ಕೂತಿರ್ತಿದ್ದಳು.

ಅಂಥ ರಾತ್ರಿ ವಾರಕ್ಕೂ ನಮ್ಮೂರಿನವರು ಗೊಣಗಿದ್ದು ಉಂಟು, ಜಗಳಕ್ಕೆ ಹೋಗಿದ್ದು ಕಡಿಮೆ. ಯಾಕಂದ್ರೆ ಅದು ತಿರುಗುತ್ತೆ ಅಂತ ಗೊತ್ತಿತ್ತು. ಮುಂದಿನ ಸೋಮವಾರ ನಮಗೆ ಹಗಲು. ಒಂದು ಬೇಸಿಗೆಯಲ್ಲಿ ಮಾತ್ರ ಏನೋ ಕಾರಣಕ್ಕೆ ಮೂರು ವಾರ ಸರದಿ ತಿರುಗಲೇ ಇಲ್ಲ, ನಮಗೆ ರಾತ್ರಿ ಮೇಲೆ ರಾತ್ರಿ. ಆಗ ಎಂದೂ ಗಟ್ಟಿ ಮಾತಾಡದ ಅಪ್ಪ ಹತ್ತು ಜನರ ಜೊತೆ ಹೋಗಿ ಕೇಳಿದ್ದು ಒಂದೇ ಮಾತು: “ಬುದ್ದಿ, ರಾತ್ರಿ ಬ್ಯಾಡ ಅಂತ ನಾವು ಯೋಳ್ತಿಲ್ಲ. ನಮ್ಮ ಪಾಲಿನ ರಾತ್ರಿ ಕೊಡಿ, ಅವ್ರ ಪಾಲಿಂದೂ ನಮಗೇ ಕೊಡಬ್ಯಾಡಿ.”

ನನ್ನ ಇಡೀ ಲೇಖನದ ವಾದ ಅಪ್ಪ ಆ ಒಂದು ಮಾತಲ್ಲಿ ಮುಗಿಸಿಬಿಟ್ಟಿದ್ದರು.

ಈಗ ನಿಮ್ಮ ಆಫೀಸು ನೋಡಿಕೊಳ್ಳಿ. ಆನ್‌ಕಾಲ್ ಪಟ್ಟಿಯಲ್ಲಿ ದೀಪಾವಳಿ ವಾರ ಯಾರ ತಲೆಗೆ ಬೀಳುತ್ತೆ? ಹೊಸ ಕ್ಲೈಂಟ್‌ಗೆ ಮೊದಲ ಡೆಮೋ ಕೊಟ್ಟು ಬೈಸಿಕೊಳ್ಳೋದು ಯಾರು, ಆ ಬೈಗುಳದಿಂದ ಕಲಿತು ಎರಡನೇ ಡೆಮೋದಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳೋದು ಯಾರು? “ಯಾರಾದ್ರೂ ಮುಂದೆ ಬನ್ನಿ” ಅಂತ ಮ್ಯಾನೇಜರ್ ಅಂದಾಗ ಮೀಟಿಂಗ್‌ನಲ್ಲಿ ಯಾರ ಮೈಕ್ ಮ್ಯೂಟ್ ಆಗುತ್ತೆ, ಯಾರದು ಆಗೋಲ್ಲ? ಗನ್ ಇಲ್ಲ ಅನ್ನೋದು ಬಿಟ್ಟರೆ ಅದೇ ಸ್ಕ್ವಾಡ್, ಅದೇ ಬಿಚ್ಚಿದ ಶೂ ಲೇಸ್.

ಹಾಗಾಗಿ ಪಂದ್ಯ ನಡೆಸೋರೇ, ಟೀಮ್ ನಡೆಸೋರೇ, ನನ್ನ ಬೇಡಿಕೆ ಇಷ್ಟೇ. “ಮೊದಲು ಯಾರು ಹೋಗ್ತೀರಾ” ಅಂತ ಇನ್ನು ಮೇಲೆ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಕೊಡೋನು ಯಾವಾಗಲೂ ಒಬ್ಬನೇ. ಒಂದು ಸಲ ಚೀಟಿ ಎತ್ತಿ, ಭಾಗಾಕಾರ ಮಾಡಿ, ಎಷ್ಟು ಜನ ಹಿಂದಕ್ಕೆ ಹೋಗ್ತಾರೆ ಅಂತ ಪಂದ್ಯಕ್ಕೆ ಮುಂಚೆಯೇ ಬರೆದು ಎಲ್ಲರಿಗೂ ಕಾಣೋ ಹಾಗೆ ಅಂಟಿಸಿ. ಹೊಸಬರು ಮೊದಲ ಸ್ಟೇಜ್‌ನಲ್ಲೇ ಮೊದಲಿಗರಾಗದ ಹಾಗೆ ನೋಡಿಕೊಳ್ತೀವಿ ಅಂದ್ರೆ ಅದೂ ಸರಿ, ಆದರೆ ಅದನ್ನೂ ಬರೆದು ಹಾಕಿ. ಬಾಯಿಮಾತಿನ ದಯೆ ಬೇಡ.

ನಂಗೂ ಹೆದರಿಕೆ ಇಲ್ಲ, ಮೊದಲು ಹೋಗ್ತೀನಿ. ನನ್ನ ಪಾಲಿನ ಸರದಿ ಬಂದಾಗ.